ಒಂದು ಮನೆಗೆ ಒಂದೇ ಗಾಳಿ

ಡೊಂಬಿವಲಿಯಲ್ಲಿ ಲೋಡ್ ಶೆಡ್ಡಿಂಗ್ ನಿಂತದ್ದು ಸರ್ಕಾರದವರು ಎಲ್ಲಿಂದಲೋ ಹೆಚ್ಚು ಕರೆಂಟು ತಂದದ್ದರಿಂದ ಎಂದು ನೀವು ತಿಳಿದುಕೊಂಡಿದ್ದರೆ, ಕ್ಷಮಿಸಿ, ನಿಮಗೆ ವಿಷಯ ಗೊತ್ತಿಲ್ಲ. ಅದನ್ನು ನಿಲ್ಲಿಸಿದ್ದು ನನ್ನ ಮಾವ! ಅಂದರೆ ನನ್ನ ಗಂಡನ ಅಪ್ಪ. ಹೇಗೆ ನಿಲ್ಲಿಸಿದರು ಎಂದು ಕೇಳುತ್ತೀರಾ? ಸ್ವಿಚ್ಚು ಆಫ್ ಮಾಡಿ ನಿಲ್ಲಿಸಿದರು. ನಮ್ಮ ಮನೆಯ ಸ್ವಿಚ್ಚು, ಎದುರು ಮನೆಯವರ ಸ್ವಿಚ್ಚು, ಬಿಲ್ಡಿಂಗಿನ ಮೆಟ್ಟಿಲಿನ ಸ್ವಿಚ್ಚು. ಒಮ್ಮೆ ಲೋಕಲ್ ಟ್ರೇನಿನಲ್ಲಿ ಫ್ಯಾನಿನ ಸ್ವಿಚ್ಚಿಗೂ ಕೈ ಹಾಕಿದ್ದರಂತೆ. ಬೆಳಗಿನ ಹೊತ್ತು, ಡೊಂಬಿವಲಿಯ ರಶ್ಶು! ಅವರು ಠಾಣೆಯಲ್ಲಿ ಜೀವಸಹಿತ ಇಳಿದದ್ದು ಅತ್ತೆಯ ಮಾಂಗಲ್ಯದ ಪುಣ್ಯ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು.

ಮಾವ ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್ ಆಗಿ ಸೇರಿ, ಕೊನೆಗೆ ಮ್ಯಾನೇಜರ್ ಆಗಿ, ಮೂವತ್ತೈದು ವರ್ಷ ದುಡಿದು ಮನೆಗೆ ಬಂದವರು. ಜಿಪುಣರಾ? ಛೆ ಛೆ, ಹಾಗೆ ಹೇಳಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಮೇ ತಿಂಗಳಲ್ಲಿ ಆಪೂಸ್ ಮಾವಿನಹಣ್ಣನ್ನು ಪೆಟ್ಟಿಗೆಗಟ್ಟಲೆ ತರುತ್ತಿದ್ದರು. ದೋಸೆಗೆ ತುಪ್ಪ ಸುರಿಯುವಾಗ ಅವರ ಕೈ ಯಾವತ್ತೂ ಹಿಡಿದದ್ದಿಲ್ಲ. ಲೈಟ್ ಬಿಲ್ಲು ಕಟ್ಟುತ್ತಿದ್ದದ್ದು ನನ್ನ ಗಂಡ. ಮಾವ ಅದನ್ನು ಕಣ್ಣೆತ್ತಿಯೂ ನೋಡಿದವರಲ್ಲ. ಅವರ ಸಂಕಟವೇ ಬೇರೆ. ಕರೆಂಟೆಂದರೆ ಅವರ ಪ್ರಕಾರ ಹೋಟೆಲಿನ ಸಾಂಬಾರಿದ್ದ ಹಾಗೆ. ಒಲೆಯ ಮೇಲಿನ ಹಂಡೆ ಒಂದೇ. ಈ ಟೇಬಲ್ಲಿನವನು ನಾಲ್ಕು ಸಲ ಹಾಕಿಸಿಕೊಂಡರೆ ಆ ಟೇಬಲ್ಲಿನವನು ಖಾಲಿ ಇಡ್ಲಿ ನುಂಗಬೇಕು. ಹಾಗೆಯೇ ನಾವು ಡೊಂಬಿವಲಿಯಲ್ಲಿ ಒಂದು ಫ್ಯಾನು ಹೆಚ್ಚು ತಿರುಗಿಸಿದರೆ ಪಕ್ಕದ ಊರು ಕಲ್ಯಾಣದಲ್ಲಿ ಯಾರದ್ದೋ ಫ್ಯಾನು ನಿಲ್ಲುತ್ತದೆ. ಯಾರದ್ದೋ ಏನು, ಅವರ ಸ್ವಂತ ತಂಗಿಯದ್ದೇ! ಮಾವನ ಒಬ್ಬಳೇ ತಂಗಿ ಇದ್ದದ್ದು ಕಲ್ಯಾಣದಲ್ಲಿ.

ನಗಬೇಡಿ, ಇದಕ್ಕೆ ಪುರಾವೆಯೂ ಇತ್ತು. ನಾನೇ ಸಾಕ್ಷಿ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ಬೇಸಿಗೆ ಬಂತೆಂದರೆ ನಮ್ಮ ಕಡೆಯೆಲ್ಲ ದಿನಾ ಮೂರು ನಾಲ್ಕು ಗಂಟೆ ಕರೆಂಟು ತೆಗೆಯುತ್ತಿದ್ದ ಕಾಲ. ಒಂದು ಮಧ್ಯಾಹ್ನ ಮಾವ ತಂಗಿಗೆ ಫೋನು ಹಚ್ಚಿದರು. (ಅವರಿಬ್ಬರು ಮಾತಾಡುವುದು ತುಳುವಿನಲ್ಲಿ, ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ.)

"ಕರೆಂಟುಂಟಾ?"

"ಎಲ್ಲಿಯ ಕರೆಂಟು ಅಣ್ಣಾ! ಬೆಳಿಗ್ಗೆ ಹೋದದ್ದು. ಬೆಂದು ಹೋದೆ ನಾನು."

"ಲೈನಿನಲ್ಲೇ ಇರು," ಎಂದು ರಿಸೀವರನ್ನು ಮೇಜಿನ ಮೇಲಿಟ್ಟು ಮಾವ ಎದ್ದು ಹೋದರು, ಹಾಲಿನ ಫ್ಯಾನು ಟಪ್ಪೆಂದು ಆಫ್ ಮಾಡಿದರು, ವಾಪಸು ಬಂದರು. ಅಷ್ಟರಲ್ಲಿ ರಿಸೀವರಿನೊಳಗಿಂದ ಕಿರುಚಾಟ ಕೇಳಿಸಿತು. "ಅಣ್ಣಾ! ಬಂತು! ಬಂತು!"

ಇನ್ನು ಹೇಳಿ, ಇಂಥ ಮನುಷ್ಯನಿಗೆ ಯಾರು ಬುದ್ಧಿ ಹೇಳುವುದು? ನನ್ನ ಗಂಡ ಇಂಜಿನಿಯರು. ಸಬ್‌ಸ್ಟೇಷನ್ನು, ಲೈನು, ಟ್ರಾನ್ಸ್‌ಫಾರ್ಮರು ಎಂದು ಕಾಗದದ ಮೇಲೆ ಚಿತ್ರ ಬರೆದು ಅರ್ಧ ಗಂಟೆ ಪಾಠ ಮಾಡಿದರು. ಮಾವ ಪೂರ್ತಿ ಕೇಳಿಸಿಕೊಂಡು, "ನೀನು ಪುಸ್ತಕದಲ್ಲಿ ಓದಿದ್ದು. ನಾನು ಕಿವಿಯಾರೆ ಕೇಳಿದ್ದು," ಎಂದು ಮಾತು ಮುಗಿಸಿದರು. ಅಂದಿನಿಂದ ನಮ್ಮಲ್ಲಿ ಕರೆಂಟು ಹೋದರೆ ಕಲ್ಯಾಣಕ್ಕೆ ಫೋನು ಹೋಗುತ್ತಿತ್ತು. "ಎಂತ ಹಾಕಿದ್ದೀ ಈಗ? ಮಿಕ್ಸಿಯಾ?" ಪಾಪ ಆ ತಂಗಿ, ಚಟ್ನಿ ಅರೆಯುವ ಮೊದಲು ಅಣ್ಣನ ಅಪ್ಪಣೆ ಕೇಳುವ ಮಟ್ಟಕ್ಕೆ ಬಂದರು.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಸೀವುಡ್ಸಿನಿಂದ. ನನ್ನ ತವರಿನಲ್ಲಿ ಯಾರೂ ಇಲ್ಲದ ಕೋಣೆಯಲ್ಲೂ ಫ್ಯಾನು ಐದರಲ್ಲಿ ತಿರುಗುತ್ತಿತ್ತು. ಕಿಟಕಿ ತೆಗೆದರೆ ಸಮುದ್ರದ ಕಡೆಯ ಗಾಳಿ ಬೇರೆ. ಇಲ್ಲಿ ನಮ್ಮದು ನಾಲ್ಕನೇ ಮಾಳಿಗೆ, ಮೇಲೆ ಬರೀ ಟೆರೇಸು. ಏಪ್ರಿಲ್ ಬಂತೆಂದರೆ ತಲೆಯ ಮೇಲೆ ಕಾದ ಕಾವಲಿ. ಮದುವೆಯಾಗಿ ಬಂದ ಮರುದಿನ ಬೆಡ್‌ರೂಮಿನಲ್ಲಿ ಫ್ಯಾನು ಹಾಕಿಕೊಂಡು ಕೂದಲು ಬಾಚಿಕೊಳ್ಳುತ್ತಿದ್ದೆ. ಫ್ಯಾನು ನಿಂತಿತು. ಕರೆಂಟು ಹೋಯಿತು ಅಂದುಕೊಂಡೆ. ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ.

"ಮಗಳೇ, ಹಾಲಿನಲ್ಲಿ ಗಾಳಿ ಉಂಟಲ್ಲ, ಅಲ್ಲಿಗೆ ಬಾ. ಹಗಲು ಹೊತ್ತಿನಲ್ಲಿ ಒಂದು ಮನೆಗೆ ಒಂದೇ ಗಾಳಿ. ಗಾಳಿ ಇದ್ದಲ್ಲಿಗೆ ಜನ ಹೋಗ್ಬೇಕು. ಜನ ಇದ್ದಲ್ಲಿಗೆಲ್ಲ ಗಾಳಿ ಬರ್ಲಿಕ್ಕೆ ಇದೇನು ಅರಮನೆಯಾ?"

ಅದೇ ನಮ್ಮ ಮನೆಯ ಕಾನೂನು. ಹಾಲಿನಲ್ಲಿ ಫ್ಯಾನಿದ್ದರೆ ತರಕಾರಿ ಹೆಚ್ಚುವುದು ಹಾಲಿನಲ್ಲಿ, ಇಸ್ತ್ರಿ ಹಾಲಿನಲ್ಲಿ, ಜಗಳವೂ ಹಾಲಿನಲ್ಲಿ. ಅತ್ತೆಗೆ ಅಡುಗೆಮನೆಯಲ್ಲಿ ತೀರಾ ತಡೆಯದಾದಾಗ ಹಾಲಿನ ಫ್ಯಾನು ಆರಿಸಿ ಒಳಗಿನದ್ದು ಹಾಕುತ್ತಿದ್ದರು. ಆಗ ನಾವೆಲ್ಲ ಪೇಪರು, ಬಾಚಣಿಗೆ, ಚಹಾದ ಕಪ್ಪು ಎತ್ತಿಕೊಂಡು ಮೆರವಣಿಗೆಯಲ್ಲಿ ಅಡುಗೆಮನೆಗೆ! ರಾತ್ರಿ ಮಲಗುವಾಗ ಮಾತ್ರ ಕೋಣೆಗೊಂದು ಫ್ಯಾನಿನ ರಿಯಾಯಿತಿ, ಅದೂ ಎರಡನೇ ನಂಬರಿನಲ್ಲಿ. ಮೂರಕ್ಕೆ ಹೋಗದ ಹಾಗೆ ಎಲ್ಲ ರೆಗ್ಯುಲೇಟರಿನ ಸಂದಿಯಲ್ಲೂ ಬೆಂಕಿಕಡ್ಡಿ ತುರುಕಿ ಇಟ್ಟಿದ್ದರು. ನನಗೂ ಈ ಎರಡನೇ ನಂಬರಿಗೂ ಅವತ್ತಿನಿಂದ ಶುರುವಾದ ದ್ವೇಷ.

ಫ್ರಿಜ್ಜಿನದ್ದು ಇನ್ನೊಂದು ಕಥೆ. ಅದರ ಬಾಗಿಲು ಒಂದೊಂದು ಸಲ ತೆರೆದಾಗಲೂ ಒಳಗಿನ ತಂಪು ಹೊರಗೆ ಓಡುತ್ತದೆ, ಅದನ್ನು ವಾಪಸು ತರಲು ಮಷೀನು ಒದ್ದಾಡುತ್ತದೆ. ಆದ್ದರಿಂದ ಬೇಕೆಂದಾಗ ಬೇಕಾದವರು ತೆರೆಯುವ ಹಾಗಿಲ್ಲ. ಗಂಟೆಗೊಮ್ಮೆ ಮಾವ ಹೆಗಲಿಗೆ ಟವಲು ಹಾಕಿಕೊಂಡು ಮನೆಯಿಡೀ ಒಂದು ಸುತ್ತು ಬಂದು ಆರ್ಡರು ತೆಗೆದುಕೊಳ್ಳುತ್ತಿದ್ದರು. ಆಮೇಲೆ ಫ್ರಿಜ್ಜಿನ ಎದುರು ನಿಂತು, ಮೂವತ್ತೈದು ವರ್ಷದ ಅಭ್ಯಾಸ ನೋಡಿ, ಒಂದೇ ಉಸಿರಿನಲ್ಲಿ ಕೂಗುವುದು: "ಎರಡು ನೀರು, ಒಂದು ಮಜ್ಜಿಗೆ, ಅರ್ಧ ಲಿಂಬೆ, ಕೊತ್ತಂಬರಿಸೊಪ್ಪು ಪಾರ್ಸೆಲ್!" ಬಾಗಿಲು ತೆರೆದು, ಎಡಗೈಯಲ್ಲಿ ನಾಲ್ಕು ಸಾಮಾನು ಸಾಲಾಗಿ ಜೋಡಿಸಿ, ಮೊಣಕೈಯಿಂದ ಬಾಗಿಲು ಮುಚ್ಚಿ ಆಗಿಬಿಡುತ್ತಿತ್ತು. ಆರ್ಡರು ಕೊಡಲು ಮರೆತವರು ಮುಂದಿನ ಸುತ್ತಿನವರೆಗೆ ಬಾಯಿ ಒಣಗಿಸಿಕೊಂಡು ಕೂರಬೇಕು. ನನ್ನ ಅಪ್ಪ ಅಮ್ಮ ಮೊದಲ ಸಲ ಬೀಗರ ಮನೆಗೆ ಬಂದಿದ್ದಾಗ ಮಾವ ಟವಲು ಹಾಕಿಕೊಂಡು ಎದುರು ನಿಂತು "ಎಂತ ಬೇಕು?" ಎಂದರು. ಅಪ್ಪ ಗಾಬರಿಯಾಗಿ "ಒಂದು ಮಸಾಲೆ ದೋಸೆ" ಎಂದುಬಿಟ್ಟರು!

ಗ್ಯಾಸು ಕೂಡ ಶಕ್ತಿಯೇ ತಾನೇ? ಅದಕ್ಕೂ ಮಾವ ಉಪಾಯ ಮಾಡಿದ್ದರು. ನಮ್ಮದು ಕುಚ್ಚಲಕ್ಕಿಯ ಊಟ. ಅದು ಬೇಯಲು ಸುಲಭಕ್ಕೆ ಒಪ್ಪುವ ಅಕ್ಕಿಯಲ್ಲ. ಮಾವ ಏನು ಮಾಡುತ್ತಿದ್ದರೆಂದರೆ, ಎರಡು ಕುದಿ ಬಂದ ಕೂಡಲೇ ಗ್ಯಾಸು ಆರಿಸಿ, ಪಾತ್ರೆಯನ್ನು ಮುಚ್ಚಳದ ಸಮೇತ ಹಳೆ ಪೇಪರಿನಲ್ಲಿ ಸುತ್ತಿ, ಬೆಡ್‌ರೂಮಿನ ಮಂಚದ ಮೇಲೆ ಮಲಗಿಸಿ, ಹತ್ತಿಯ ರಜಾಯಿ ಹೊದಿಸುತ್ತಿದ್ದರು. ಅದರ ಮೇಲೆ ಉಣ್ಣೆಯ ಕಂಬಳಿ. ಮುಚ್ಚಳದ ಸಂದಿಯಿಂದ ಬಿಸಿ ಹೋಗಬಾರದೆಂದು ತಲೆಗೆ ತಮ್ಮದೇ ಮಂಕಿ ಕ್ಯಾಪು! ಎರಡು ಗಂಟೆಯಲ್ಲಿ ಅನ್ನ ತನ್ನಷ್ಟಕ್ಕೆ ಬೆಂದು ಏಳುತ್ತಿತ್ತು. ಒಂದು ಬೆಳಿಗ್ಗೆ ಕೆಳಗಿನ ಮನೆಯ ಮರಾಠಿ ಹೆಂಗಸು (ನಾವೆಲ್ಲ ಕಾಕು ಎನ್ನುವುದು) ಮೊಸರಿಗೆ ಹೆಪ್ಪು ಕೇಳಲು ಬಂದವರು ಬೆಡ್‌ರೂಮಿನ ಕಡೆ ಇಣುಕಿ ನೋಡಿದರು. ಮೇ ತಿಂಗಳ ಸೆಕೆಯಲ್ಲಿ ಕತ್ತಿನವರೆಗೆ ಕಂಬಳಿ ಹೊದ್ದು, ಟೊಪ್ಪಿ ಹಾಕಿಕೊಂಡು, ಮಿಸುಕದೆ ಮಲಗಿದೆ ಒಂದು ಆಕೃತಿ!

"ಅಗೋಬಾಯಿ! ಯಾರಿಗೆ ಹುಷಾರಿಲ್ಲ?" ಎಂದು ಕಾಕು ಪಿಸುಗುಟ್ಟಿದರು.

"ಹುಷಾರಿಲ್ಲದ್ದೇನೂ ಅಲ್ಲ, ಅನ್ನ ಮಲಗಿದೆ," ಎಂದರು ನಮ್ಮತ್ತೆ ತಮ್ಮ ಹರಕುಮುರುಕು ಮರಾಠಿಯಲ್ಲಿ, ಒಗ್ಗರಣೆ ತಿರುವುತ್ತಾ.

ಕಾಕುಗೆ ಏನು ಅರ್ಥವಾಯಿತೋ ದೇವರೇ ಬಲ್ಲ. ಹೆಪ್ಪು ಮರೆತು ಇಳಿದು ಹೋದರು. ಮಧ್ಯಾಹ್ನದೊಳಗೆ ನಾಲ್ಕನೇ ಮಾಳಿಗೆಯ ಅಜ್ಜನ ಸ್ಥಿತಿ ಗಂಭೀರ ಎಂದು ಬಿಲ್ಡಿಂಗಿಡೀ ಸುದ್ದಿ. ಎಳನೀರು, ಮೋಸಂಬಿ ಹಿಡಿದುಕೊಂಡು ಐದು ಜನ ಮೇಲೆ ಬಂದರು. ಬಾಗಿಲು ತೆರೆದದ್ದು ಸ್ವತಃ ರೋಗಿ, ಬನಿಯನ್ನು ಲುಂಗಿಯಲ್ಲಿ! "ಬನ್ನಿ ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ," ಎಂದು ಮಾವ ಎಲ್ಲರನ್ನೂ ಒಂದೇ ಫ್ಯಾನಿನ ಅಡಿಯಲ್ಲಿ ಕೂರಿಸಿ, ಮಂಚದಿಂದ ಪಾತ್ರೆ ಎಬ್ಬಿಸಿ, ಟೊಪ್ಪಿ ತೆಗೆದು, ಗಂಜಿ ಬಡಿಸಿದರು. ರೋಗಿಯನ್ನು ನೋಡಲು ಬಂದವರು ರೋಗಿಯನ್ನೇ ಉಪ್ಪಿನಕಾಯಿ ನೆಂಚಿಕೊಂಡು ಉಂಡು ಹೋದರು.

ಟೆರೇಸಿಗೆ ಸುಣ್ಣ ಬಳಿದ ಕಥೆ ಹೇಳಿದರೆ ಸೊಸೈಟಿಯವರಿಗೆ ಈಗಲೂ ಸಿಟ್ಟು ಬರುತ್ತದೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ ಎಂದು ಎಲ್ಲೋ ಓದಿ ಮಾವ ಒಬ್ಬರೇ ಇಡೀ ಟೆರೇಸಿಗೆ ಸುಣ್ಣ ಹೊಡೆದರು. ಒಳಗೆ ತಂಪಾದದ್ದು ನಿಜ, ಸುಳ್ಳು ಹೇಳಬಾರದು. ಆದರೆ ಅದೇ ವಾರ ಬಿಲ್ಡಿಂಗಿನ ಹೆಂಗಸರು ವರ್ಷದ ಹಪ್ಪಳ ಒಣಗಿಸಲು ಮೇಲೆ ಹೋಗಿದ್ದಾರೆ! ಹಪ್ಪಳದಡಿ ಹಾಸಿದ ಹಳೆ ಸೀರೆಯ ತೂತುಗಳೊಳಗಿಂದ ಸುಣ್ಣ ಹತ್ತಿ, ಆ ವರ್ಷ ನಮ್ಮ ಬಿಲ್ಡಿಂಗಿನವರು ಹಪ್ಪಳ ತಿಂದಾಗಲೆಲ್ಲ ವೀಳ್ಯದೆಲೆ ಒಂದು ಬಾಕಿ ಎನ್ನುವ ಹಾಗಾಯಿತು. ಮಾವ ಮನೆಮನೆಗೂ ಹೋಗಿ ಕ್ಷಮೆ ಕೇಳಿದರು. ಹೋದ ಮನೆಗಳಲ್ಲೆಲ್ಲ ಬೇಡದ ಲೈಟು ಆರಿಸಿಯೂ ಬಂದರು.

ಇಷ್ಟೆಲ್ಲ ನಗುತ್ತಾ ಹೇಳುತ್ತಿದ್ದೇನೆ. ಆದರೆ ನನ್ನ ಎರಡನೇ ಬಾಣಂತನದ ಬೇಸಿಗೆಯಲ್ಲಿ ನನಗೆ ನಗು ಬಂದಿರಲಿಲ್ಲ.

ಮೊದಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ, ಅದು ನಮ್ಮ ಕ್ರಮ. ಮೊದಲನೆಯದು ಸೀವುಡ್ಸಿನಲ್ಲಿ, ಡಿಸೆಂಬರಿನಲ್ಲಿ, ಹಾಯಾಗಿ ಕಳೆದಿತ್ತು. ಎರಡನೆಯವನು ಹುಟ್ಟಿದ್ದು ಏಪ್ರಿಲ್ ಕೊನೆಗೆ. ಬಾಣಂತಿಗೆ ಗಾಳಿ ತಾಗಬಾರದು, ತಾಗಿದರೆ ಮೈಯಲ್ಲಿ ವಾಯು ಸೇರುತ್ತದೆ ಎನ್ನುವುದು ಅತ್ತೆಯ ನಂಬಿಕೆ. ಕಿವಿ ಮುಚ್ಚುವ ಹಾಗೆ ತಲೆಗೆ ಬಟ್ಟೆ ಕಟ್ಟಿದರು. ಕಿಟಕಿ ಮುಚ್ಚಿದರು. ಕುದಿಯುವ ನೀರಿನ ಸ್ನಾನ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ. ನಲವತ್ತು ದಿನ ಫ್ಯಾನು ಬಂದ್, ರಾತ್ರಿ ಕೂಡ! ಅತ್ತೆ ಒಳ್ಳೆಯವರು, ತಾವೂ ಅದೇ ಕೋಣೆಯಲ್ಲಿ ನನ್ನ ಜೊತೆ ಬೇಯುತ್ತಾ ಕೂರುತ್ತಿದ್ದರು. ಹಾಗಾಗಿ ಜಗಳವಾಡುವ ಹಾಗೂ ಇರಲಿಲ್ಲ. ಎರಡನೇ ನಂಬರಿನ ಗಾಳಿಯನ್ನು ಬೈಯುತ್ತಿದ್ದವಳಿಗೆ ಈಗ ಅದೂ ಸಿಕ್ಕದೆ ಹೋಯಿತು. ನನಗೆ ಬೇಕಾದದ್ದು ಇಷ್ಟೇ, ಒಂದು ಗಳಿಗೆ ಗಾಳಿ.

ಮಾವನಿಗೋ ಖುಷಿಯೋ ಖುಷಿ. ಹಾಲಿನಲ್ಲಿ ಫೋನು ಹಿಡಿದು ಕಲ್ಯಾಣಕ್ಕೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. "ಇನ್ನು ನಲವತ್ತು ದಿನ ನಿನಗೆ ತೊಂದರೆ ಇಲ್ಲ. ನಮ್ಮಲ್ಲಿ ಒಂದು ಫ್ಯಾನು ಪೂರ್ತಿ ರಜೆ!" ನನಗೆ ಎಷ್ಟು ಉರಿದು ಹೋಯಿತೆಂದರೆ, ಆ ಬಿಸಿಯಲ್ಲೇ ಎರಡು ಸೇರು ಕುಚ್ಚಲಕ್ಕಿ ಬೇಯಿಸಬಹುದಿತ್ತು. ಈ ಮನುಷ್ಯನಿಗೆ ಕಲ್ಯಾಣ ಕಾಣುತ್ತದೆ, ಪಕ್ಕದ ಕೋಣೆ ಕಾಣುವುದಿಲ್ಲ ಎಂದು ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ಹತ್ತನೇ ದಿನಕ್ಕೆ ಮಗುವಿನ ಕುತ್ತಿಗೆ ಬೆನ್ನಿನ ಮೇಲೆಲ್ಲ ಬೆವರುಸಾಲೆ ಎದ್ದಿತು. ಅದು ಅತ್ತ ಹಾಗೆ ನಾನೂ ಗಟ್ಟಿಯಾಗಿ ಅತ್ತುಬಿಟ್ಟೆ. ಹಾಲಿನಲ್ಲಿ ಪೇಪರಿನ ಸದ್ದು ನಿಂತಿತು.

ಮರುದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕೋಣೆಯಲ್ಲಿ ಒಂದು ವಿಚಿತ್ರ ವಸ್ತು ನೇತಾಡುತ್ತಿತ್ತು. ಬಟ್ಟೆ ಒಣಗಿಸಲು ಸೀಲಿಂಗಿನಿಂದ ಕೋಲು ಇಳಿಬಿಟ್ಟಿರುತ್ತಾರಲ್ಲ, ಡೊಂಬಿವಲಿಯ ಎಲ್ಲ ಮನೆಗಳಲ್ಲೂ, ಅದಕ್ಕೆ ಅತ್ತೆಯ ದಪ್ಪ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದು ತೂಗುಹಾಕಿದ್ದರು. ಸೀರೆಯ ಕೆಳಗಿನ ತುದಿಗೆ ಭಾರಕ್ಕೆಂದು ಲಟ್ಟಣಿಗೆ. ಅದಕ್ಕೆ ಕಟ್ಟಿದ ಹಗ್ಗ ಬಾಗಿಲ ಮೇಲಿನ ವೆಂಟಿಲೇಟರಿನಿಂದ ಹಾಲಿಗೆ ಹೋಗಿತ್ತು. ಹಾಲಿನಲ್ಲಿ ಆರಾಮಕುರ್ಚಿಯಲ್ಲಿ ಮಾವ, ಅವರ ಬಲಗಾಲಿನ ಹೆಬ್ಬೆರಳಿಗೆ ಹಗ್ಗದ ಇನ್ನೊಂದು ತುದಿ!

ಅತ್ತೆ ರಣಚಂಡಿಯಾದರು. "ಬಾಣಂತಿಗೆ ಗಾಳಿ ಹಾಕ್ತೀರಾ? ನಿಮಗೆ ಬುದ್ಧಿ ಉಂಟಾ?"

"ನೀನು ಹೇಳಿದ್ದು ಫ್ಯಾನು ಬೇಡ ಅಂತ. ಇದು ಫ್ಯಾನಾ? ಇದರಲ್ಲಿ ಕರೆಂಟುಂಟಾ? ಇದು ನಿನ್ನ ಸೀರೆ ಮಾರಾಯ್ತಿ. ನಿನ್ನ ಸೀರೆಯ ಗಾಳಿ ತಾಗಿ ಸೊಸೆಗೆ ವಾಯು ಬರ್ತದಾ?"

ತನ್ನ ಸೀರೆಯಿಂದಲೇ ವಾಯು ಬರುತ್ತದೆ ಎಂದು ಯಾವ ಅತ್ತೆ ಒಪ್ಪಿಯಾಳು? ಬಾಗಿಲು ಮುಚ್ಚಿಯೇ ಇರಬೇಕು, ಗಾಳಿ ಮೆತ್ತಗೆ ಇರಬೇಕು ಎಂಬ ಕರಾರಿನ ಮೇಲೆ ಒಪ್ಪಿದರು.

ಅಂತೂ ಗಾಳಿ ಬಂತು! ಅಬ್ಬಾ, ಆ ಮೊದಲ ಬೀಸು ಮುಖಕ್ಕೆ ತಾಗಿದಾಗ ಸೀವುಡ್ಸಿನ ಗಾಳಿಯೆಲ್ಲ ಏನೂ ಅಲ್ಲ ಅನ್ನಿಸಿತು. ದಿನಾ ಊಟವಾದ ಮೇಲೆ ಶುರುವಾದರೆ ಸಂಜೆಯ ಚಹಾದವರೆಗೆ ನಡೆಯುತ್ತಿತ್ತು. ಕರೆಂಟು ಇರಲಿ, ಹೋಗಲಿ, ನಮ್ಮದಕ್ಕೆ ಲೋಡ್ ಶೆಡ್ಡಿಂಗ್ ಇಲ್ಲ. ಆದರೆ ವೇಗ ಮಾತ್ರ ಮಾವ ಪೇಪರಿನಲ್ಲಿ ಏನು ಓದುತ್ತಿದ್ದಾರೆ ಎನ್ನುವುದರ ಮೇಲೆ. ರಾಜಕೀಯದ ಪುಟದಲ್ಲಿ ಸಿಟ್ಟು ಬಂದು ಸೀರೆ ರಪರಪ ಬೀಸುತ್ತಿತ್ತು. ಮರಣವಾರ್ತೆಗೆ ಬಂದರೆ ನಿಧಾನ. ಬುದ್ಧಿಗೆ ಕೆಲಸ ಕೊಡುವ ಪದಬಂಧದ ಮೂಲೆಗೆ ಬಂದರೆ ಪೂರ್ತಿ ಬಂದ್. ಆಗ ನನ್ನ ಪಕ್ಕ ಮಲಗಿದ್ದ ಐದು ವರ್ಷದ ಮಗಳು, ಕನ್ನಡ ತುಳು ಎಲ್ಲ ಅರ್ಥವಾದರೂ ಉತ್ತರ ಮಾತ್ರ ಹಿಂದಿಯಲ್ಲೇ ಕೊಡುವವಳು, ವೆಂಟಿಲೇಟರಿನ ಕಡೆ ಮುಖಮಾಡಿ ಕೂಗುತ್ತಿದ್ದಳು: "ಅಜ್ಜಾ, ಹವಾ ಬಂದ್ ಹೋ ಗಯಾ!" ಹೊರಗಿನಿಂದ "ಬಂತು ಬಂತು, ಒಂದು ಸ್ಪೆಷಲ್ ಗಾಳಿ!" ಎಂದು ಹೋಟೆಲಿನ ದನಿ ಕೇಳುತ್ತಿತ್ತು. ಮಗುವಿನ ಬೆವರುಸಾಲೆ ಒಣಗಿತು. ನಾನು ಹಾಯಾಗಿ ನಿದ್ದೆ ಮಾಡಿದೆ. ಹೊರಗೆ ಹೇಗಿದೆ ಎಂದು ನಾನು ಯೋಚಿಸಲೇ ಇಲ್ಲ, ನಿಜ ಹೇಳುತ್ತೇನೆ.

ಮೂವತ್ತೇಳನೆಯದೋ ಮೂವತ್ತೆಂಟನೆಯದೋ ದಿನ. ಅತ್ತೆ ಮಾರ್ಕೆಟಿಗೆ ಹೋಗಿದ್ದರು. ಮಗಳು ಕಾಕು ಮನೆಯಲ್ಲಿ ಟಿವಿ ನೋಡಲು ಇಳಿದಿದ್ದಳು. ಮಗು ಮಲಗಿತ್ತು, ಸೀರೆ ತೂಗುತ್ತಿತ್ತು. ನನಗೆ ಬಾಯಾರಿಕೆಯಾಯಿತು. ಆರ್ಡರಿಗೆ ಕಾಯುವುದು ಬೇಡವೆಂದು ಮೆಲ್ಲಗೆ ಬಾಗಿಲು ತೆಗೆದು ಹಾಲಿಗೆ ಬಂದೆ.

ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್ ಎನ್ನುತ್ತಿತ್ತು, ಅಂದರೆ ಕರೆಂಟಿತ್ತು. ಹಾಲಿನ ಫ್ಯಾನು ಮಾತ್ರ ನಿಂತಿತ್ತು. ಅದರ ಸರಿಯಾಗಿ ಕೆಳಗೆ ಮಾವ ಕೂತಿದ್ದರು. ಬನಿಯನ್ನು ಒದ್ದೆಯಾಗಿ ಮೈಗೆ ಅಂಟಿತ್ತು. ಗಲ್ಲದಿಂದ ಬೆವರು ತೊಟ್ಟಿಕ್ಕಿ ಪೇಪರಿನ ಒಂದು ಮೂಲೆ ತೋಯ್ದು ಹೋಗಿತ್ತು. ಬಲಗಾಲು ಸ್ಟೂಲಿನ ಮೇಲಿತ್ತು, ಅದರ ಹೆಬ್ಬೆರಳಿಗೆ ಅರಶಿನ ಹಚ್ಚಿ ಬಟ್ಟೆಯ ಪಟ್ಟಿ ಸುತ್ತಿದ್ದರು. ಹಗ್ಗ ಈಗ ಎಡಗಾಲಿನಲ್ಲಿತ್ತು.

"ಮಾವ! ಕರೆಂಟುಂಟಲ್ಲ! ಫ್ಯಾನು ಯಾಕೆ ಹಾಕಿಲ್ಲ?"

ಮಾವ ಬೆಚ್ಚಿ, ಪೇಪರು ಸರಿಸಿ ಆ ಬೆರಳನ್ನು ಮುಚ್ಚಿದರು. "ಒಳಗೆ ಒಂದು ಬೀಸ್ತಾ ಉಂಟಲ್ಲ."

"ಅದು ಕರೆಂಟಿನದ್ದಲ್ಲವಲ್ಲ!"

"ಕರೆಂಟಿನದ್ದೋ ಕಾಲಿನದ್ದೋ, ಗಾಳಿ ಗಾಳಿಯೇ ಮಗಳೇ. ಒಂದು ಮನೆಗೆ ಒಂದೇ ಗಾಳಿ. ನಾನೇ ಮಾಡಿದ ರೂಲು, ನಾನೇ ಮುರಿಯುವುದಾ?"

ನನಗೆ ಮೊದಲು ನಗು ಬಂತು. ಅರ್ಧ ನಕ್ಕ ಮೇಲೆ ಅದು ಅಳುವಾಯಿತು. ಇಪ್ಪತ್ತೇಳು ದಿನ! ಒಳಗೆ ನಾನು ನಿದ್ದೆ ಹೊಡೆಯುವಾಗ ಈ ಮನುಷ್ಯ ಕಾದ ಟೆರೇಸಿನ ಕೆಳಗೆ ಗಾಳಿಯಿಲ್ಲದೆ ಕೂತು, ಒಂದು ಕಾಲು ಸವೆದ ಮೇಲೆ ಇನ್ನೊಂದು ಕಾಲಿಗೆ ಹಗ್ಗ ಕಟ್ಟಿಕೊಂಡಿದ್ದಾರೆ. ಅವರನ್ನು ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಮೂಗು ಒರೆಸಿಕೊಂಡು ನೇರ ರೆಗ್ಯುಲೇಟರಿನ ಹತ್ತಿರ ಹೋದೆ. ಬೆಂಕಿಕಡ್ಡಿ ಕಿತ್ತು ಬಿಸಾಡಿದೆ. ಸ್ವಿಚ್ಚು ಒತ್ತಿ ಐದಕ್ಕೆ ತಿರುಗಿಸಿದೆ. ಹುಟ್ಟಿದಂದಿನಿಂದ ಐದನ್ನು ಕಾಣದ ಆ ಫ್ಯಾನು ಗಡಗಡ ಅಲ್ಲಾಡಿ, ಒಂದಿಷ್ಟು ಧೂಳು ಕೆಡವಿ, ಆಮೇಲೆ ಸರಿಯಾಗಿ ತಿರುಗತೊಡಗಿತು.

"ಎರಡಕ್ಕೆ ಇಡು," ಎಂದರು ಮಾವ.

"ಇಲ್ಲ ಮಾವ. ಇವತ್ತು ಐದು."

ಅವರು ಒಮ್ಮೆ ಫ್ಯಾನನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಕುರ್ಚಿಯಿಂದ ಏಳಲಿಲ್ಲ. ಕೈಚಾಚಿ ಫೋನು ಹತ್ತಿರ ಎಳೆದುಕೊಂಡು ಕಲ್ಯಾಣದ ನಂಬರು ತಿರುಗಿಸಿದರು.

"ತಂಗೀ, ಇವತ್ತು ನಿನ್ನಲ್ಲಿ ಕರೆಂಟು ಹೋದ್ರೆ ಸ್ವಲ್ಪ ಸುಧಾರಿಸಿಕೋ. ಇಲ್ಲಿ ಐದಕ್ಕೆ ಇಟ್ಟಾಗಿದೆ... ಇಲ್ಲ ಇಲ್ಲ, ನಾನಲ್ಲ, ಸೊಸೆ ಇಟ್ಟದ್ದು... ಹೌದು, ನನಗೆ ಗೊತ್ತುಂಟು. ಆದರೆ ಹುಡುಗಿ ಅಳ್ತಾ ಇಟ್ಟಿದ್ದಾಳೆ. ಆಫ್ ಮಾಡ್ಲಿಕ್ಕೆ ನನಗೆ ಕೈ ಬರುವುದಿಲ್ಲ."

ಹಾಗೆ ಹೇಳುವಾಗಲೂ ಅವರ ಎಡಗಾಲು ಹಗ್ಗ ಎಳೆಯುತ್ತಲೇ ಇತ್ತು.